ಬಾಣಕ್ಕೊಂದು ಗವಸು

ಪಾಪಟೋಟೊಯಿ ಎಂಬ ಪರದೇಶದ ಊರಿನ ಮುಖ್ಯರಸ್ತೆಯಲ್ಲಿ, ಸೀರೆ ಅಂಗಡಿಗೂ ಸಿಹಿತಿಂಡಿ ಅಂಗಡಿಗೂ ನಡುವೆ ಸಿಕ್ಕಿಹಾಕಿಕೊಂಡಂತಿದ್ದ ಸಣ್ಣ ಹೊಲಿಗೆ ಅಂಗಡಿಯಲ್ಲಿ ಕಾಮಾಕ್ಷಿ ಕೆಲಸಕ್ಕಿದ್ದಳು. ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಬಂದವರನ್ನು ನಿಲ್ಲಿಸಿ ಎರಡು ಸಲ ಅಳೆಯುವಳು. ಅವರು ಬಾಗಿಲು ದಾಟಿ ಫುಟ್‌ಪಾತಿಗಿಳಿದ ಮೇಲೆ ಕೂಗಿ ಕರೆದು ಇನ್ನೊಂದು ಸಲ ಅಳೆಯುವಳು. ಹಾಗೆಂದು ಗಿರಾಕಿಗಳು ಯಾರೂ ಬೇಸರಪಟ್ಟುಕೊಂಡದ್ದಿಲ್ಲ. ತನ್ನ ಮೇಲೆ ತನಗೇ ನಂಬಿಕೆಯಿಲ್ಲದ ಹೆಂಗಸು ಬಟ್ಟೆ ಕೆಡಿಸುವುದಿಲ್ಲ ಎಂಬ ಧೈರ್ಯ ಅವರಿಗೆ.

ಪಕ್ಕದ ಮನೆಯ ಗ್ರೇಮ್ ತನ್ನ ಬಳಿಯಿದ್ದ ಹಳೆಯ ಬಾಣವನ್ನು ಅವಳ ಕೈಗೇ ಕೊಟ್ಟದ್ದು ಈ ಕಾರಣಕ್ಕೇ. ಗ್ರೇಮ್‌ಗೆ ಎಪ್ಪತ್ತು ದಾಟಿತ್ತು. ಪ್ರಾಯದಲ್ಲಿ ಹೆಲಿಕಾಪ್ಟರ್ ರಿಪೇರಿಯ ಕೆಲಸ ಹಿಡಿದು ಪಪುವಾದ ಕಾಡಿನಲ್ಲಿ ಕೆಲವು ವರ್ಷ ಇದ್ದವನು. ಅಲ್ಲಿ ಕೊರೊವಾಯ್ ಎಂಬ ಜನ ಇದ್ದಾರಂತೆ, ಮರದ ಮೇಲೆ ಮನೆ ಕಟ್ಟುವವರು. ಅವರಲ್ಲೊಬ್ಬ, ಗ್ರೇಮ್ ತನ್ನ ಮಳೆಯಂಗಿ ಬಿಚ್ಚಿ ಕೊಟ್ಟ ದಿನ, ತಿರುಗಿ ಈ ಬಾಣವನ್ನು ಕೊಟ್ಟಿದ್ದ. ಈಗ ಗ್ರೇಮ್ ಮನೆ ಮಾರಿ ಇಲ್ಲೇ ಹತ್ತಿರದ ಪಾಪಕುರಾದಲ್ಲಿ ಸಣ್ಣ ಮನೆಗೆ ಹೊರಟಿದ್ದ. ಅವನ ಚರ್ಚಿಗೆ ಬರುತ್ತಿದ್ದ ಯೋಹಾನಿಸ್ ಎಂಬ ಪಪುವಾದ ಹುಡುಗ ಓದು ಮುಗಿಸಿ ಊರಿಗೆ ಮರಳುವವನಿದ್ದ. ಬಾಣವನ್ನು ಅಲ್ಲಿನ ವಸ್ತುಸಂಗ್ರಹಾಲಯಕ್ಕೆ ಮುಟ್ಟಿಸುತ್ತೇನೆಂದು ಒಪ್ಪಿದ್ದ.

"ವಿಮಾನದಲ್ಲಿ ಹೋಗ್ಬೇಕು, ಕ್ಯಾಮ್," ಎಂದಿದ್ದ ಗ್ರೇಮ್. ಅವಳ ಹೆಸರನ್ನು ಪೂರ್ತಿ ಹೇಳುವ ಪ್ರಯತ್ನವನ್ನು ಅವನು ಮೊದಲ ವಾರವೇ ಕೈಬಿಟ್ಟಿದ್ದ. "ಒಳಗೆ ಮೆತ್ತಗಿರೋ ಹಾಗೆ ಒಂದು ಕವರ್ ಹೊಲಿದುಕೊಡು. ಮುಳ್ಳು ಒಂದೂ ಮುರೀಬಾರದು."

"ಮುರಿಯಲ್ಲ," ಎಂದು ಕಾಮಾಕ್ಷಿ ಮಾತು ಕೊಟ್ಟಿದ್ದಳು. ಕೊಟ್ಟ ಕ್ಷಣದಿಂದ ಅವಳಿಗೆ ನಿದ್ದೆ ಸರಿಯಾಗಿ ಬಂದಿರಲಿಲ್ಲ.

ಬಾಣ ಅವಳ ಭುಜದೆತ್ತರಕ್ಕಿತ್ತು. ಹಿಂದಿನ ಭಾಗ ಹಗುರವಾದ ಜೊಂಡಿನ ಕಡ್ಡಿ. ಮುಂದಿನದು ಕಪ್ಪುಗಂದು ಮರ. ಆ ಮರದಲ್ಲೇ ಎರಡೂ ಬದಿಗೆ ಮೀನಿನ ಮೂಳೆಯಷ್ಟು ತೆಳ್ಳಗೆ ಮುಳ್ಳುಗಳನ್ನು ಕೆತ್ತಿದ್ದರು, ಎಲ್ಲವೂ ಹಿಂದಕ್ಕೆ ಬಾಗಿದವು. ಮುಳ್ಳುಗಳ ಬುಡದಲ್ಲಿ ಗೆರೆ ಕೊರೆದು ಕೆಂಪು ಬಿಳಿ ಬಣ್ಣ ತುಂಬಿದ್ದರು. ಅದನ್ನು ಕೆತ್ತಿದವನಿಗೆ ಅನುಮಾನವೆಂಬುದೇ ಇರಲಿಲ್ಲವೇನೋ ಎಂದು ಕಾಮಾಕ್ಷಿಗೆ ಅನ್ನಿಸಿತು. ಒಂದು ಗೆರೆಯೂ ತಡವರಿಸಿರಲಿಲ್ಲ. ಅವಳೋ, ಗವಸಿನ ಕ್ಯಾನ್ವಾಸನ್ನು ಕತ್ತರಿಸುವ ಮೊದಲು ಕಾಗದದಲ್ಲಿ ಮಾದರಿ ಮಾಡಿ, ಹರಿದು, ಮತ್ತೆ ಮಾಡಿದಳು. ಬಟ್ಟೆ ಕತ್ತರಿಸಿ ಗುಂಡುಸೂಜಿ ಚುಚ್ಚಿ ಜೋಡಿಸುವ ಹೊತ್ತಿಗೆ ನವರಾತ್ರಿ ಮುಗಿಯುತ್ತ ಬಂದಿತ್ತು. ಯೋಹಾನಿಸ್ ಹೊರಡುವುದು ಶುಕ್ರವಾರ. ಗುರುವಾರ ವಿಜಯದಶಮಿ. ಅಂದು ಬೆಳಿಗ್ಗೆ ಒಳ್ಳೆಯ ಹೊತ್ತಿನಲ್ಲಿ ಮೆಷಿನ್ ತುಳಿದರೆ ಒಂದು ಗಂಟೆಯ ಕೆಲಸ ಎಂದುಕೊಂಡಳು.

ಬುಧವಾರ ಆಯುಧಪೂಜೆ. ಅತ್ತೆ ಕಾತ್ಯಾಯಿನಿ ಮೈಸೂರಿನಿಂದ ಬಂದು ಇನ್ನೂ ಒಂದು ತಿಂಗಳಾಗಿರಲಿಲ್ಲ. ಗಂಡ ವಿಶ್ವೇಶ್ವರ ಏರ್‌ಪೋರ್ಟಿನಲ್ಲಿ ಸಾಮಾನು ಸಾಗಿಸುವ ಗಾಡಿಗಳನ್ನು ರಿಪೇರಿ ಮಾಡುವವನು. ಬೆಳಗಿನ ಜಾವದ ಶಿಫ್ಟಿಗೆ ಹೊರಡುವ ಮುನ್ನ ತನ್ನ ಸ್ಪ್ಯಾನರುಗಳನ್ನು ತೊಳೆದಿಟ್ಟು ಹೋಗಿದ್ದ. ಕಾಮಾಕ್ಷಿ ಹೊಲಿಗೆ ಮೆಷಿನ್, ಕತ್ತರಿ, ಟೇಪು, ಸೀಮೆಸುಣ್ಣ, ಸೂಜಿಡಬ್ಬಿ ಎಲ್ಲವನ್ನೂ ಹಾಲ್‌ನಲ್ಲಿ ಮಣೆಯ ಮೇಲಿಟ್ಟು, ಚಕ್ರಕ್ಕೆ ಹೂವು ಸುತ್ತಿ, ಅಡುಗೆಮನೆಗೆ ಹೋದಳು. ತಿರುಗಿ ಬಂದು ನೋಡಿದರೆ ಎಲ್ಲದರ ನಡುವೆ, ಗೋಡೆಗೆ ಒರಗಿ, ಮೊಳ ಮಲ್ಲಿಗೆ ಧರಿಸಿ, ಬಾಣ ನಿಂತಿತ್ತು.

"ಅತ್ತೆ, ಅದು ಪಕ್ಕದ ಮನೆಯವರದ್ದು."

"ಆಯುಧ ಹೌದೋ ಅಲ್ವೋ?"

"ಹೌದು, ಆದ್ರೆ..."

"ಮತ್ತೇನೇ? ಮದುವೆಯಾದಾಗಿಂದ ಈ ಮನೆತನದಲ್ಲಿ ಸ್ಪ್ಯಾನರ್‌ಗೂ ಈಳಿಗೆಮಣೆಗೂ ಪೂಜೆ ಮಾಡಿ ಮಾಡಿ ಸಾಕಾಗಿದೆ ನಂಗೆ. ಹೋದ ವರ್ಷ ನಿನ್ನ ಮೈದುನ ಲ್ಯಾಪ್‌ಟಾಪ್ ತಂದಿಟ್ಟ. ಅದಕ್ಕೆ ಚಾರ್ಜರ್ ಬೇರೆ. ಈ ವರ್ಷ ನಿಜವಾದ ಆಯುಧ ತಾನಾಗೇ ಮನೆಗೆ ಬಂದಿದೆ, ಮೂಲೇಲಿ ನಿಲ್ಸು ಅಂತೀಯಾ?"

"ಕುಂಕುಮ ಮಾತ್ರ ಹಚ್ಚಬೇಡಿ. ಬಣ್ಣ ಹಿಡ್ಕೊಂಡ್ರೆ ನಾನೇನು ಹೇಳ್ಲಿ ಅವರಿಗೆ?"

"ಹೂವು ಇಟ್ಟಿದೀನಿ, ಸಾಕು ಬಿಡು. ಅಲ್ವೇ, ಇದಕ್ಕೆ ಗರಿಯೇ ಇಲ್ವಲ್ಲೇ ಹಿಂದೆ?"

"ಅವರಲ್ಲಿ ಗರಿ ಕಟ್ಟೋದಿಲ್ವಂತೆ."

"ಗರಿ ಇಲ್ದೆ ನೆಟ್ಟಗೆ ಹೊಡೀತಾರೆ ಅಂದ್ರೆ ಗಟ್ಟಿಗರೇ," ಎಂದು ಕಾತ್ಯಾಯಿನಿ ಇನ್ನೊಂದು ಹೂವನ್ನು ಇಟ್ಟರು.

ಆರತಿಯಾಯಿತು. ಬೂದುಗುಂಬಳ ಸಿಗದೆ, ಇಲ್ಲಿ ಸೂಪ್ ಮಾಡಲು ಮಾರುವ ಬೂದು ಸಿಪ್ಪೆಯ ಕುಂಬಳಕಾಯಿಯನ್ನೇ ಮನೆಯ ಮುಂದೆ ಒಡೆದರು. ಹೊರಗಿನ ಬಣ್ಣಕ್ಕೆ ಅದೂ ಬೂದೇ, ಒಳಗೆ ಮಾತ್ರ ಅರಿಶಿನದಂತೆ ಹಳದಿ. ಅತ್ತೆ ಸೊಸೆ ಊಟಕ್ಕೆ ಕುಳಿತು ಪಾಯಸ ಬಡಿಸಿಕೊಳ್ಳುವಷ್ಟರಲ್ಲಿ ಬಾಗಿಲು ತಟ್ಟಿದ ಸದ್ದಾಯಿತು. ಗ್ರೇಮ್.

"ಸಾರಿ, ಕ್ಯಾಮ್. ಶುಕ್ರವಾರದ ವಿಮಾನ ರದ್ದಾಗಿದೆಯಂತೆ. ಯೋಹಾನಿಸ್‌ನ ಇವತ್ತು ರಾತ್ರಿಯದಕ್ಕೆ ಹಾಕಿದ್ದಾರೆ. ಸಂಜೆ ಆರಕ್ಕೆ ಏರ್‌ಪೋರ್ಟಲ್ಲಿರಬೇಕು. ಕವರ್ ರೆಡಿ ತಾನೆ?"

ಕಾಮಾಕ್ಷಿ ತಿರುಗಿ ಹಾಲ್‌ನ ಮಣೆಯ ಕಡೆ ನೋಡಿದಳು. ಗವಸು ಗುಂಡುಸೂಜಿಯ ಮೇಲೆ ನಿಂತಿದೆ. ಮೆಷಿನ್ ಪೂಜೆಯಲ್ಲಿದೆ. ಬಾಣವೂ ಪೂಜೆಯಲ್ಲಿದೆ. ಆಯುಧಪೂಜೆಗೆ ಇಟ್ಟದ್ದನ್ನು ಮರುದಿನ ದಶಮಿಯ ಪೂಜೆಯಾಗುವ ತನಕ ಎತ್ತುವ ಹಾಗಿಲ್ಲ, ಬಳಸುವ ಹಾಗಿಲ್ಲ.

ಗ್ರೇಮ್ ಶೂ ಬಿಚ್ಚಿ ಒಳಗೆ ಬಂದ. ಹೂವಿನ ನಡುವೆ ನಿಂತ ಬಾಣವನ್ನು ನೋಡಿ ಮೀಸೆಯಲ್ಲೇ ನಕ್ಕ. "ನನ್ನ ಮನೆಯಲ್ಲಿ ಬಾಯ್ಲರ್ ಪಕ್ಕ ನಿಂತಿತ್ತು, ಪಾಪ," ಎಂದು ಕೈ ಚಾಚಿದ.

"ಗ್ರೇಮಪ್ಪ," ಎಂದರು ಕಾತ್ಯಾಯಿನಿ. ಅವರೇನೂ ದನಿ ಏರಿಸಲಿಲ್ಲ. ಆದರೂ ಗ್ರೇಮ್‌ನ ಕೈ ಗಾಳಿಯಲ್ಲೇ ನಿಂತಿತು. "ನಾಳೆ ಬೆಳಿಗ್ಗೆ ಬಂದು ತಗೊಂಡು ಹೋಗೋಕೆ ಹೇಳು, ಕಾಮು."

ಕಾಮಾಕ್ಷಿ ಇಬ್ಬರ ನಡುವೆ ನಿಂತು ಅನುವಾದ ಮಾಡಿದಳು. ವಿಮಾನ, ಹೊತ್ತು, ಹುಡುಗನ ಊರು, ಎಲ್ಲ ವಿವರಿಸಿದಳು. ಕಾತ್ಯಾಯಿನಿ ಸ್ವಲ್ಪ ಯೋಚಿಸಿದರು.

"ಬಾಣ ಇವರದ್ದೇ ತಾನೆ? ಅವರದನ್ನ ಅವರು ತಗೊಂಡ್ರೆ ನಾವು ಬೇಡ ಅನ್ನೋಕಾಗಲ್ಲ. ಕೇಳು, ನಿಮ್ಮದೇ ತಾನೆ ಅಂತ."

ಹೌದು ಎಂದುಬಿಟ್ಟರೆ ಮುಗಿಯಿತು. ಕಾಮಾಕ್ಷಿ ಕೇಳಿದಳು. ಗ್ರೇಮ್ ಗಡ್ಡ ಕೆರೆದುಕೊಂಡ. "ನನ್ನದು ಅಂತ ಯಾವತ್ತೂ ಅನ್ನಿಸಿಲ್ಲ, ಕ್ಯಾಮ್. ಇಟ್ಟುಕೊಂಡಿದ್ದೆ, ಅಷ್ಟೇ. ಇಲ್ಲದಿದ್ದರೆ ವಾಪಸ್ ಯಾಕೆ ಕಳಿಸ್ತಿದ್ದೆ?"

ಕಾಮಾಕ್ಷಿ ಹೌದಂತೆ ಎಂದುಬಿಡಬಹುದಿತ್ತು. ಅತ್ತೆಗೆ ಇಂಗ್ಲಿಷ್ ಅಷ್ಟಾಗಿ ಬರದು. ಆದರೆ ಹೇಳಿದ್ದನ್ನು ಹೇಳಿದ ಹಾಗೆ ಹೇಳದೆ ಅವಳಿಗೆ ಆಗುತ್ತಿರಲಿಲ್ಲ. "ಅವರದ್ದಲ್ವಂತೆ," ಎಂದಳು.

"ನೋಡಿದ್ಯಾ? ಎಷ್ಟು ಒಳ್ಳೆ ಮನುಷ್ಯ," ಎಂದು ಕಾತ್ಯಾಯಿನಿ ಗ್ರೇಮ್‌ಗೆ ಪಾಯಸ ತಂದುಕೊಟ್ಟರು. ಬಾಣ ಮಾತ್ರ ಇದ್ದಲ್ಲೇ ಇತ್ತು.

ಗ್ರೇಮ್ ಫೋನ್ ಮಾಡಿದ. ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಬಾಡಿಗೆಗಿದ್ದ ಯೋಹಾನಿಸ್ ಸೂಟ್‌ಕೇಸ್ ಎಳೆದುಕೊಂಡೇ ಬಂದ. ಗುಂಗುರು ಕೂದಲು, ಇಸ್ತ್ರಿ ಮಾಡಿದ ಷರ್ಟು, ಮುಖದ ತುಂಬ ಆತಂಕ. ಕಾತ್ಯಾಯಿನಿ ಅವನನ್ನು ಕೂರಿಸಿ, ಮದುವೆಗೆ ಗಂಡು ನೋಡಲು ಬಂದವರ ಹಾಗೆ ವಿಚಾರಣೆ ಶುರುಮಾಡಿದರು.

"ಇವನು ಆ ಮರದ ಮನೆ ಜನವೇ?"

"ಇಲ್ಲ ಆಂಟಿ," ಎಂದ ಯೋಹಾನಿಸ್, ಪ್ರಶ್ನೆ ತನಗೆ ಮುಟ್ಟಿದ ಮೇಲೆ. "ಅವರು ಬೆಟ್ಟಗಳಿಂದಾಚೆ, ದಕ್ಷಿಣದ ಕಾಡಲ್ಲಿ. ನಾನು ಆ ಕಡೆ ಹೋಗೇ ಇಲ್ಲ. ನಾನು ಸಮುದ್ರದ ಕಡೆಯವನು, ಜಯಪುರದವನು. ಓದಿದ್ದು ಅಕೌಂಟಿಂಗು. ಇಲ್ಲಿ ಎಲ್ಲರೂ ನೀನು ಮರದ ಮೇಲಿರ್ತೀಯಾ ಅಂತ ಕೇಳ್ತಾರೆ."

"ಜಯಪುರವೇ? ನಮ್ಮ ಮೈಸೂರಿಂದ ಎಚ್.ಡಿ. ಕೋಟೆಗೆ ಹೋಗೋ ದಾರೀಲೂ ಒಂದು ಜಯಪುರ ಇದೆ ಅನ್ನು ಅವನಿಗೆ. ನನ್ನನ್ನೂ ಮೊನ್ನೆ ಯಾವಳೋ ಅಂಗಡಿಯವಳು ನಿಮ್ಮೂರಲ್ಲಿ ಬೀದೀಲಿ ಆನೆ ಓಡಾಡ್ತವಾ ಅಂತ ಕೇಳಿದಳು."

"ನೀವು ಏನಂದ್ರಿ?" ಎಂದ ಯೋಹಾನಿಸ್.

"ದಸರಾದಲ್ಲಿ ಓಡಾಡ್ತವೆ ಅಂದೆ. ಸುಳ್ಳು ಹೇಳಕ್ಕಾಗತ್ತಾ?"

ಯೋಹಾನಿಸ್ ಮೊದಲ ಸಲ ನಕ್ಕ. ಆಮೇಲೆ ಗಡಿಯಾರ ನೋಡಿದ. ಗ್ರೇಮ್ ಕೂಡ ನೋಡಿದ. ಕಾಮಾಕ್ಷಿ ನೋಡಲೇ ಇಲ್ಲ. ಅವಳು ಮನಸ್ಸಿನಲ್ಲೇ ನಿಮಿಷ ಎಣಿಸುತ್ತಿದ್ದಳು.

ಕಾತ್ಯಾಯಿನಿ ಬಾಣದ ಎದುರು ನಿಂತರು. "ಬನ್ನಿ ಮರದ ಮೇಲೆ ಇಟ್ಟ ಆಯುಧ ಇಳಿಸಿದವರು ಯಾರೇ? ಅದರ ಒಡೆಯರೇ. ಈ ಬಾಣದ ಒಡೆಯರು ಯಾರೂ ಇಲ್ಲಿಲ್ಲ. ಆದ್ರೆ ಅವರ ಸೀಮೆಗೆ ಹೊರಟಿರೋನು ಇವನು. ಒಯ್ಯೋನು ಎತ್ತಿದ್ರೆ ಅದು ಪೂಜೆ ಕೆಡಿಸಿದ ಹಾಗಲ್ಲ. ಬೀಳ್ಕೊಟ್ಟ ಹಾಗೆ. ಕಾಲು ತೊಳ್ಕೊಂಡು ಬರೋಕೆ ಹೇಳು."

ಯೋಹಾನಿಸ್ ಕಾಲು ತೊಳೆದು ಬಂದ. ಎರಡೂ ಕೈಯಲ್ಲಿ, ಮಗುವನ್ನು ಎತ್ತುವ ಹಾಗೆ, ಬಾಣವನ್ನು ಎತ್ತಿಕೊಂಡ. ಅಕೌಂಟಿಂಗ್ ಓದಿದವನು ಅಂಥ ಬಾಣವನ್ನು ಹಿಡಿದದ್ದು ಅದೇ ಮೊದಲಂತೆ. ಗೆರೆಗಳ ಮೇಲೆ ಬೆರಳಾಡಿಸಲು ಹೋಗಿ, ಬೆರಳನ್ನು ಹಿಂದಕ್ಕೆಳೆದುಕೊಂಡ.

"ಸರಿ, ಇನ್ನು ಹೊಲಿ," ಎಂದರು ಅತ್ತೆ.

ಕಾಮಾಕ್ಷಿ ಹೂವು ಸುತ್ತಿದ ಮೆಷಿನ್ ಕಡೆ ನೋಡಿದಳು. ಮೈಸೂರಿನಲ್ಲಿ ಹಗಲು ವೀರಭದ್ರಪ್ಪನವರ ಟೈಲರ್ ಅಂಗಡಿಯಲ್ಲಿ ಕಾಜ ಹೊಲಿದು, ಸಂಜೆ ಕಾಲೇಜಿಗೆ ಓಡುತ್ತಿದ್ದ ದಿನಗಳಿಂದಲೂ ಆಯುಧಪೂಜೆಯಂದು ಅವಳು ಸೂಜಿ ಮುಟ್ಟಿದ್ದಿಲ್ಲ. ಹಬ್ಬಕ್ಕೆ ಬಟ್ಟೆ ಬೇಕೆಂದು ಗಿರಾಕಿಗಳು ಗೋಗರೆದರೂ ವೀರಭದ್ರಪ್ಪ ಕದಲುತ್ತಿರಲಿಲ್ಲ. ವರ್ಷವೆಲ್ಲ ಚುಚ್ಚಿದ ಸೂಜಿಗೂ ಒಂದು ದಿನ ಮಲಗಲು ಬಿಡಬೇಕು ಎನ್ನುತ್ತಿದ್ದರು. ಕಾಮಾಕ್ಷಿ ಬದುಕಿನಲ್ಲಿ ಎಲ್ಲವನ್ನೂ ಅನುಮಾನಿಸಿದ್ದಳು. ಗ್ಯಾಸ್ ಆರಿಸಿದೆನೇ, ಬೀಗ ಹಾಕಿದೆನೇ, ಆಡಿದ ಮಾತು ಸರಿಯೇ? ಈ ಒಂದನ್ನು ಮಾತ್ರ ಅನುಮಾನಿಸಿರಲಿಲ್ಲ.

"ನಾನು ಹೊಲಿಯಲ್ಲ, ಅತ್ತೆ."

"ಬಾಣಕ್ಕೆ ದಾರಿ ಹುಡುಕಿಕೊಟ್ಟೆನಲ್ಲೇ. ಮೆಷಿನ್ನಿಗೂ ಒಂದು ಹುಡುಕೋಣ."

"ಬೇಡಿ. ನೀವು ಹುಡುಕ್ತೀರಿ ಅಂತ ಗೊತ್ತು. ನನ್ನ ಕೈ ಬರಲ್ಲ."

"ಅಯ್ಯೋ, ನನಗಿಂತ ಮಡಿ ಆದೆಯಲ್ಲೇ ನೀನು," ಎಂದರು ಕಾತ್ಯಾಯಿನಿ, ಅರ್ಧ ಸಿಟ್ಟು, ಅರ್ಧ ಮೆಚ್ಚುಗೆ.

ಮಾತು ಕೊಟ್ಟದ್ದೂ ಹೌದು, ಸೂಜಿ ಮುಟ್ಟುವಂತಿಲ್ಲ ಎಂಬುದೂ ಹೌದು. ಕಾಮಾಕ್ಷಿಯ ಕಣ್ಣು ತುಂಬಿ ಬಂತು. ಗ್ರೇಮ್ ಅವಳ ಮುಖ ನೋಡಿದ, ಮೆಷಿನ್ ನೋಡಿದ, ವಿಷಯ ತಿಳಿದುಕೊಂಡ. "ನೀನು ಹೊಲೀಬಾರದು, ಸರಿ. ಹೇಳಿಕೊಡಬಹುದಾ?"

ಅದರ ಬಗ್ಗೆ ವೀರಭದ್ರಪ್ಪ ಏನೂ ಹೇಳಿರಲಿಲ್ಲ.

ಗ್ರೇಮ್ ಮನೆಗೆ ಹೋಗಿ, ಹಿಂದೆ ದೋಣಿಯ ಹಾಯಿ ಹೊಲಿಯುತ್ತಿದ್ದ ದಪ್ಪ ಸೂಜಿಗಳನ್ನೂ, ಮೇಣದ ದಾರವನ್ನೂ, ಮೀನು ಕೊಯ್ಯುವ ಚಾಕುವನ್ನೂ ತಂದ. ಕಾಮಾಕ್ಷಿಯ ಮನೆಯ ಗ್ಯಾರೇಜಿನಲ್ಲಿ ಚಾಪೆ ಹಾಸಿದರು. ಗ್ರೇಮ್ ಒಂದು ಬದಿ, ಯೋಹಾನಿಸ್ ಒಂದು ಬದಿ. ಕಾಮಾಕ್ಷಿ ಕೈಗಳನ್ನು ಹಿಂದೆ ಕಟ್ಟಿಕೊಂಡು ನಿಂತಳು. ಕೈ ಮುಂದೆ ಬಂದರೆ ತಾನಾಗಿಯೇ ಸೂಜಿ ಕಿತ್ತುಕೊಳ್ಳುತ್ತದೆಂಬ ಭಯ ಅವಳಿಗೆ.

"ಇಷ್ಟಿಷ್ಟು ದೂರ ಬೇಡ, ಗ್ರೇಮ್. ಅದು ಗೋಣಿಚೀಲ ಅಲ್ಲ."

"ಹಾಯಿಗೆ ಹೀಗೇ ಹಾಕ್ತಿದ್ದೆ."

"ಅದಕ್ಕೇ ದೋಣಿ ಮಾರಿದ್ರಾ?"

ಯೋಹಾನಿಸ್ ಬಿದ್ದು ಬಿದ್ದು ನಕ್ಕು ಬೆರಳಿಗೆ ಚುಚ್ಚಿಕೊಂಡ. ಕಾತ್ಯಾಯಿನಿ ಅರಿಶಿನ ಒತ್ತಿ, ಹೊಲಿಗೆ ನೋಡಿ, "ಕಾಗೆ ಕಾಲು ಗುಬ್ಬಿ ಕಾಲು," ಎಂದು ತೀರ್ಪು ಕೊಟ್ಟರು. ಅನುವಾದ ಮಾಡು ಎಂದು ಗ್ರೇಮ್ ಹಟ ಹಿಡಿದ. ಕಾಮಾಕ್ಷಿ ಮಾಡಿದಳು. ಅವನಿಗೆ ಎಷ್ಟು ಇಷ್ಟವಾಯಿತೆಂದರೆ ಎರಡೆರಡು ಸಲ ಹೇಳಿಸಿಕೊಂಡ.

ಟೇಪು ಪೂಜೆಯಲ್ಲಿದ್ದುದರಿಂದ ಕಾಮಾಕ್ಷಿ ಗೇಣು ಹಾಕಿ ಅಳೆದಳು. ಸೀಮೆಸುಣ್ಣವೂ ಪೂಜೆಯಲ್ಲಿ, ಯೋಹಾನಿಸ್‌ನ ಪೆನ್ನಿನಲ್ಲಿ ಗುರುತು. ಒಂದು ಸಲ ಅಳೆದದ್ದೇ ಅಳತೆ. ಮತ್ತೆ ಅಳೆದು ನೋಡೋಣವೆಂದರೆ ಅಂಗುಲದ ಗೆರೆಯೇ ಇಲ್ಲ. ಅವಳಿಗೆ ಆಶ್ಚರ್ಯವೆನಿಸುವಷ್ಟು ಬೇಗ ಕೆಲಸ ಸಾಗಿತು. ಒಂದು ಬದಿ ಪೂರ್ತಿ, ಇನ್ನೊಂದು ಬದಿ ಅರ್ಧ.

"ಈಗೊಮ್ಮೆ ಹಾಕಿ ನೋಡಿ. ನಿಧಾನ," ಎಂದಳು.

ಯೋಹಾನಿಸ್ ಬಾಣದ ತುದಿಯನ್ನು ಗವಸಿನ ಬಾಯಿಗಿಟ್ಟು ಇಳಿಬಿಟ್ಟ. ಬೆಣ್ಣೆಯೊಳಗೆ ಹೋದ ಹಾಗೆ ಹೋಯಿತು. ಎಲ್ಲರ ಮುಖವೂ ಅರಳಿತು. ಹೊರಗೆ ತೆಗೆಯಲು ಹೋದ. ಬರಲಿಲ್ಲ.

"ನಿಲ್ಲಿ," ಎಂದಳು ಕಾಮಾಕ್ಷಿ. "ಎಳೀಬೇಡಿ. ಕೈ ಬಿಡಿ."

ಮುಳ್ಳುಗಳೆಲ್ಲ ಹಿಂದಕ್ಕೆ ಬಾಗಿದ್ದವು. ಹೋಗುವಾಗ ಬಟ್ಟೆಯನ್ನು ಸವರಿಕೊಂಡು ಹೋದವು, ಬರುವಾಗ ಒಳಗಿನ ಮೆತ್ತನೆಯ ಫ್ಲಾನೆಲ್ ಅನ್ನು ಕಚ್ಚಿ ಹಿಡಿದಿದ್ದವು. ಒಳಹೊಕ್ಕದ್ದು ಹೊರಬರಬಾರದೆಂದೇ ಕಾಡಿನಲ್ಲಿ ಕೂತು ಒಬ್ಬ ಅಷ್ಟು ಕಷ್ಟಪಟ್ಟು ಕೆತ್ತಿದ್ದ. ವಾರವೆಲ್ಲ ಉದ್ದ ಅಗಲ ಅಳೆದು ಅಳೆದು ಸುಸ್ತಾದವಳು ಮುಳ್ಳು ಯಾವ ಕಡೆ ನೋಡುತ್ತಿದೆ ಎಂಬುದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ನಾಳೆಯ ತನಕ ಹೊತ್ತು ಸಿಕ್ಕಿದ್ದರೆ ಮೆಷಿನ್ನಿನಲ್ಲಿ ಎರಡೂ ಬದಿ ಗಟ್ಟಿಯಾಗಿ ಹೊಲಿದು, ಅಂಚು ಮಡಚಿ, ಚೆಂದದ ಕೊಳವೆ ಮಾಡಿ ಕೊಡುತ್ತಿದ್ದಳು. ಸಮುದ್ರದಾಚೆ ಯಾರೋ ಬಾಣವನ್ನು ಹಿಡಿದೆಳೆಯುತ್ತಿದ್ದರು. ಮುಳ್ಳುಗಳು ಟಪಟಪನೆ ಮುರಿಯುತ್ತಿದ್ದವು.

ಕಾಮಾಕ್ಷಿ ಚಾಪೆಯ ಮೇಲೆ ಮಂಡಿಯೂರಿದಳು.

"ಗ್ರೇಮ್, ಅರ್ಧ ಹೊಲಿದ ಬದಿ ಬಿಚ್ಚಿ. ದಾರ ಮಾತ್ರ ಕೊಯ್ಯಿರಿ, ಒಂದೊಂದೇ. ಯೋಹಾನಿಸ್, ನೀವು ಬಾಣ ಅಲ್ಲಾಡದ ಹಾಗೆ ಹಿಡ್ಕೊಳ್ಳಿ."

ಚಾಕುವಿನ ತುದಿಯಲ್ಲಿ ದಾರಗಳು ಒಂದೊಂದಾಗಿ ತುಂಡಾದವು. ಬದಿ ತೆರೆದುಕೊಂಡಿತು. ಬಾಣ ಹೊದಿಕೆ ಸರಿಸಿದ ಮಗುವಿನ ಹಾಗೆ ಮಲಗಿತ್ತು. ಫ್ಲಾನೆಲ್‌ನ ನೂಲು ಹಿಡಿದಿದ್ದ ಮೂರು ಮುಳ್ಳುಗಳನ್ನು ಕಾಮಾಕ್ಷಿ ಬರಿಯ ಬೆರಳಿನಿಂದ ಬಿಡಿಸಿದಳು. ಬೆರಳು ಪೂಜೆಯಲ್ಲಿರಲಿಲ್ಲ. ಒಂದೂ ಮುರಿದಿರಲಿಲ್ಲ.

"ಈ ಬದಿ ಹೊಲಿಯೋದೇ ಬೇಡ," ಎಂದಳು. "ಪುಸ್ತಕದ ಹಾಗೆ ತೆರೀಬೇಕು. ಮಡಚಿ, ಲಾಡಿ ಕಟ್ಟಿಬಿಡೋಣ. ಅಲ್ಲಿ ಬಿಚ್ಚಿದರೆ ಸಾಕು, ಯಾರೂ ಎಳೆಯೋ ಹಾಗಿಲ್ಲ."

"ಲಾಡಿ ಎಲ್ಲಿದೆ?" ಎಂದ ಗ್ರೇಮ್.

ಪೂಜೆಗಿಟ್ಟ ಹೊಲಿಗೆಪೆಟ್ಟಿಗೆಯಲ್ಲಿತ್ತು. ಕಾಮಾಕ್ಷಿ ಅತ್ತೆಯ ಮುಖ ನೋಡಿದಳು. ಅತ್ತೆ ಆಗಲೇ ಒಳಗೆ ನಡೆದಿದ್ದರು. ಬೀರು ತೆರೆದ ಸದ್ದಾಯಿತು. ತಿರುಗಿ ಬಂದಾಗ ಅವರ ಕೈಯಲ್ಲಿ ಐದಾರು ಬಿಳಿ ಲಾಡಿಗಳು ಜೋತಾಡುತ್ತಿದ್ದವು.

"ಇವು ಯಾವುದರವು ಅತ್ತೆ?"

"ಹಳೇವು. ಕೇಳಬೇಡ, ಹೊಲಿಸು."

ಲಾಡಿಗಳನ್ನು ತುಂಡು ಮಾಡಿ ಇಬ್ಬರೂ ಗಂಡಸರು ಗವಸಿನ ಅಂಚಿಗೆ ಕೂಡಿಸಿದರು. ಒಂದು ಮೇಲೆ, ಒಂದು ಕೆಳಗೆ. ಎದುರುಬದುರು ಕೂಡಲಿಲ್ಲ; ಗಂಟು ಹಾಕಿದರೆ ಬಟ್ಟೆ ಸೊಟ್ಟಗಾಗುತ್ತಿತ್ತು. ಇಂಥ ಹೊಲಿಗೆಯನ್ನು ಅಂಗಡಿಯಲ್ಲಿ ಯಾರಾದರೂ ತಂದು ತೋರಿಸಿದ್ದರೆ ಕಾಮಾಕ್ಷಿ ರಾತ್ರಿ ಕೂತು ಬಿಚ್ಚಿ ಮತ್ತೆ ಹೊಲಿಯುತ್ತಿದ್ದಳು. ಈಗ ಪ್ರತಿಯೊಂದು ಲಾಡಿಯನ್ನೂ ಹಿಡಿದು ಜಗ್ಗಿ ನೋಡಿದಳು. ಯಾವುದೂ ಕಿತ್ತುಬರಲಿಲ್ಲ.

"ಚೆನ್ನಾಗಿಲ್ಲ, ಅಲ್ವಾ?" ಎಂದ ಯೋಹಾನಿಸ್.

"ಇಲ್ಲ," ಎಂದಳು ಅವಳು, ಸುಳ್ಳು ಹೇಳಲಾರದೆ. "ಆದ್ರೆ ಬಿಚ್ಚಿಕೊಳ್ಳಲ್ಲ. ಇರಲಿ."

ಇರಲಿ ಎಂದ ಮೇಲೆ ಅವಳಿಗೇ ವಿಚಿತ್ರವೆನಿಸಿತು. ಆ ಪದವನ್ನು ಬೇರೆಯವರ ಬಾಯಲ್ಲಿ ಮಾತ್ರ ಕೇಳಿದ್ದಳು.

ಬಾಣ ಗ್ರೇಮ್‌ನ ಯೂಟ್ ಎಂಬ ಪಿಕಪ್ ಗಾಡಿಯಲ್ಲಿ, ಯೋಹಾನಿಸ್‌ನ ತೊಡೆಯ ಮೇಲೆ ಅಡ್ಡಲಾಗಿ ಮಲಗಿ, ತುದಿಯನ್ನು ಕಿಟಕಿಯಾಚೆ ಚಾಚದಂತೆ ಹಿಂದಕ್ಕೆ ವಾಲಿ, ಹೊರಟಿತು. ಹೊರಡುವ ಮೊದಲು ಕಾತ್ಯಾಯಿನಿ ಯೂಟಿನ ಮೂತಿಗೆ ಕುಂಕುಮವಿಟ್ಟರು. ಇಂಥ ದಿನ ಬೋಳು ಗಾಡಿಯಲ್ಲಿ ಕಳಿಸಲಾಗದೆಂದು ಹಟ ಹಿಡಿದು ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಡಿಸಿದರು. ಚಕ್ರದಡಿ ನಿಂಬೆ ಚಿಟಚಿಟನೆ ಒಡೆದಾಗ ಗ್ರೇಮ್ ಗಾಬರಿಯಾಗಿ ಬ್ರೇಕ್ ಹಾಕಿ, ಕಿಟಕಿಯಿಂದ ತಲೆ ಹೊರಹಾಕಿ ನೋಡಿ, ಹೆಬ್ಬೆರಳೆತ್ತಿ ಹೋದ.

ಏಳು ಗಂಟೆಗೆ ಗ್ರೇಮ್‌ನ ಫೋನ್ ಬಂತು. ಕೌಂಟರಿನಲ್ಲಿ ಗವಸನ್ನು ಬಿಚ್ಚಿಸಿ ನೋಡಿದರಂತೆ. ಲಾಡಿ ಬಿಚ್ಚುವುದು ಸುಲಭವಾಗಿ, ಬಾಣವನ್ನು ಮುಟ್ಟದೆಯೇ ನೋಡಿ, ಮತ್ತೆ ಕಟ್ಟಿ, ನಾಜೂಕಿನ ಸಾಮಾನೆಂದು ಚೀಟಿ ಅಂಟಿಸಿ ಒಳಗೆ ಕಳಿಸಿದರಂತೆ. ಮುಳ್ಳು ಎಲ್ಲ ಇದ್ದಲ್ಲೇ ಇವೆಯಂತೆ. ಹೊಲಿದವರು ಯಾರೆಂದು ಅಲ್ಲಿನ ಹೆಂಗಸು ಕೇಳಿದ್ದಕ್ಕೆ ಯೋಹಾನಿಸ್ ನಾನೇ ಎಂದನಂತೆ. ಅರ್ಧ ನೀನು, ಅರ್ಧ ನಾನು ಎಂದು ಗ್ರೇಮ್ ಅಲ್ಲೇ ತಗಾದೆ ತೆಗೆದನಂತೆ.

ಫೋನಿಟ್ಟ ಕಾಮಾಕ್ಷಿ ಬೆಳಿಗ್ಗೆಯಿಂದ ಮೊದಲ ಸಲ ಕಾಲು ಚಾಚಿ ಕುಳಿತಳು. ತಣ್ಣಗಾದ ಪಾಯಸವನ್ನು ಬಟ್ಟಲಿಗೆ ಬಗ್ಗಿಸಿಕೊಂಡಳು. ಅಷ್ಟರಲ್ಲಿ ಶಿಫ್ಟು ಮುಗಿದ ಮೇಲೆ ಇನ್ನೊಬ್ಬರ ಪಾಳಿಯನ್ನೂ ಮಾಡಿ ತಡವಾಗಿ ಬಂದು ಸ್ನಾನಕ್ಕೆ ಹೋಗಿದ್ದ ವಿಶ್ವೇಶ್ವರ, ಪೈಜಾಮವನ್ನು ಎರಡೂ ಕೈಯಲ್ಲಿ ಸೊಂಟಕ್ಕೆ ಒತ್ತಿ ಹಿಡಿದುಕೊಂಡು ಹಾಲ್‌ಗೆ ಬಂದು ನಿಂತ.

"ಕಾಮಾಕ್ಷಿ, ಬೀರೂಲಿರೋ ಅಷ್ಟೂ ಪೈಜಾಮದ ಲಾಡಿ ಎಲ್ಲಿ ಹೋಯ್ತೇ?"

"ಜಯಪುರಕ್ಕೆ," ಎಂದರು ಕಾತ್ಯಾಯಿನಿ, ಟಿವಿಯಿಂದ ಕಣ್ಣು ತೆಗೆಯದೆ.

"ಏನು?"

"ಕೂತ್ಕೊಳ್ಳಿ, ಹೇಳ್ತೀನಿ," ಎಂದಳು ಕಾಮಾಕ್ಷಿ, ನಗು ತಡೆಯಲಾರದೆ. "ಲಾಡಿ ನಾಳೆ ಹಾಕಿಕೊಡ್ತೀನಿ. ಇವತ್ತೊಂದು ದಿನ ಕೈಯಲ್ಲೇ ಹಿಡ್ಕೊಂಡಿರಿ."